ರೆಕ್ಕೆ ಪಂದ್ಯದ ಶುಕ್ರವಾರ

ಬಫಲೊ
14 ಅಕ್ಟೋಬರ್ 1996

ಅಕ್ಕ,

ಮೂರು ತಿಂಗಳಿಂದ ಕಾಗದವಿಲ್ಲ ಎಂದು ನೀನು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ, ಸೋಮಾರಿತನ. ಇನ್ನು ಸ್ವಲ್ಪ ದಿನಕ್ಕೆ ಹಿಮ ಶುರುವಾಗುತ್ತದೆ, ಆಮೇಲೆ ನಗರಸಭೆಯ ಹಿಮ ತಳ್ಳುವ ಲಾರಿಯಲ್ಲೇ ನನ್ನ ವಾಸ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸಮಾಚಾರ ಕೇಳಿ ನೀನು ನಗುತ್ತೀಯೋ ಜಪಮಾಲೆ ಹಿಡಿಯುತ್ತೀಯೋ ತಿಳಿಯದು.

ಕಳೆದ ಗುರುವಾರ ಮೂಲೆಯ ಬಾರಿಗೆ ಹೋಗಿದ್ದೆ. ನಾರ್ಬ್‌ನ ಬಾರು. ನಾರ್ಬ್ ನಿನಗೆ ನೆನಪಿರಬೇಕು, ಮೂರನೇ ಕ್ಲಾಸನ್ನು ಎರಡು ಸಲ ಓದಿದವನು. ಅಲ್ಲಿ ಲ್ಯಾಕವಾನಾ ಕಡೆಯವನೊಬ್ಬ ಕೋಳಿ ರೆಕ್ಕೆ ತಿನ್ನುವುದರಲ್ಲಿ ತನ್ನ ಸಮ ಯಾರೂ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ನಾನು ತಿನ್ನುತ್ತಾ ಕೂತಿದ್ದೆ. ನಾರ್ಬ್‌ನ ಹೆಂಡತಿ ವಾಂಡಾ ಅಡುಗೆಮನೆಯಿಂದ ತಟ್ಟೆ ತಂದಿಡುತ್ತಲೇ ಇದ್ದಳು. ಅವನು ಸೋತು ಕೈ ತೊಳೆದು ಬಂದ ಮೇಲೂ ನಾನು ತಿನ್ನುತ್ತಲೇ ಇದ್ದೆನಂತೆ. ವಾಂಡಾ ಮೂಳೆ ಎಣಿಸಿದಳು. ತೊಂಬತ್ತನಾಲ್ಕು ರೆಕ್ಕೆ.

“ಇದು ಹೊಟ್ಟೆ ಅಲ್ಲ ಕಣ್ರಪ್ಪಾ, ಈರಿ ಸರೋವರ!” ಎಂದು ನಾರ್ಬ್ ಕುರ್ಚಿ ಹತ್ತಿ ಕೂಗಿದ. ಬಾರಿನಲ್ಲಿದ್ದವರೆಲ್ಲ ನನ್ನ ಹೆಸರು ಹಿಡಿದು ಮೇಜು ಗುದ್ದಿದರು. ನನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಕೂಗಿದ್ದು ಉಕ್ಕಿನ ಕಾರ್ಖಾನೆ ಮುಚ್ಚಿದ ದಿನ ಹಾಜರಿ ಕರೆದಾಗಲೇ ಕೊನೆ.

ಇಲ್ಲಿನ ರೇಡಿಯೋದವರು ಪ್ರತಿವರ್ಷ ರೆಕ್ಕೆ ತಿನ್ನುವ ಪಂದ್ಯ ನಡೆಸುತ್ತಾರೆ. ಒಂದೊಂದು ಬಾರಿನಿಂದ ಒಬ್ಬ, ಆಮೇಲೆ ವಲಯದ ಸುತ್ತು, ಕೊನೆಯ ಪಂದ್ಯ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮುಂಚಿನ ಶನಿವಾರ. ನಾರ್ಬ್ ನನ್ನ ಹೆಸರು ಕೊಟ್ಟುಬಿಟ್ಟಿದ್ದಾನೆ. ನಮ್ಮ ಊರಿನ ಫುಟ್‌ಬಾಲ್ ತಂಡ ಸಾಲಾಗಿ ನಾಲ್ಕು ವರ್ಷ ಕೊನೆಯ ಪಂದ್ಯಕ್ಕೆ ಹೋಗಿ ಸಾಲಾಗಿ ನಾಲ್ಕು ವರ್ಷ ಸೋತಿತಲ್ಲ, ಅಂದಿನಿಂದ ಇಲ್ಲಿ ಯಾರು ಏನು ಗೆದ್ದರೂ ಸಾಕು ಅನ್ನುವ ಹಾಗಾಗಿದೆ.

ಮನೆ ಚೆನ್ನಾಗಿದೆ. ಇರೆನ್ ತೀರಿಕೊಂಡು ಎರಡು ವರ್ಷವಾಯಿತು, ಹೆಂಡತಿ ಇಲ್ಲದ ಮನೆ, ಆದರೂ ನಾರ್ಬ್, ವಾಂಡಾ, ಅವರ ಮಕ್ಕಳು ಸದಾ ಬಂದು ಹೋಗುತ್ತಿರುತ್ತಾರೆ. ಬೇಸರವಾಗಲು ಬಿಡುವುದಿಲ್ಲ. ನೀನು ನನ್ನ ಚಿಂತೆ ಮಾಡಬೇಡ.

ನಿನ್ನ ತಮ್ಮ
ಬೊಲೆಕ್


ಮಠ, ಅಯೋವಾ
2 ನವೆಂಬರ್ 1996

ಬೊಲುಶ್,

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೇವರು ಎರಡನ್ನೂ ಯಾರಿಗೂ ಕೊಡಲಿಲ್ಲ. ತೊಂಬತ್ತನಾಲ್ಕು! ಅಮ್ಮ ಇದ್ದಿದ್ದರೆ ಸೌಟು ಹಿಡಿದುಕೊಂಡು ಬಾರಿಗೇ ಬರುತ್ತಿದ್ದಳು.

ನಿನ್ನ ಕಾಗದವನ್ನು ಸಂಜೆ ನಾವು ಮಾತಾಡಬಹುದಾದ ಒಂದು ಗಂಟೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಿಸ್ಟರ್ ಹಿಲಾರಿಯಾಗೆ ಎಂಬತ್ತೆಂಟು, ಬಾಯಲ್ಲಿ ಒಂದೂ ಹಲ್ಲಿಲ್ಲ. “ಸಾಸ್ ಯಾವ್ದಂತೆ ಕೇಳಮ್ಮಾ, ಖಾರ ಜಾಸ್ತೀನಾ?” ಎಂದು ಮೂರು ಸಲ ಕೇಳಿದರು. ಮದರ್ ಕ್ಲೆಮೆನ್ಸ್ ಗಂಭೀರವಾಗಿ, “ಪಂದ್ಯದ ಫಲಿತಾಂಶ ತಿಳಿಸೋದಕ್ಕೆ ತಮ್ಮನಿಗೆ ಬರೀ” ಎಂದರು. ಆದ್ದರಿಂದ ತಪ್ಪದೆ ತಿಳಿಸು. ಆರು ಜನ ಸನ್ಯಾಸಿನಿಯರು ಬೇಳೆ ಸಾರು ಉಣ್ಣುತ್ತಾ ನಿನ್ನ ಹೊಟ್ಟೆಯ ದಾರಿ ನೋಡುತ್ತಿದ್ದೇವೆ.

ನನ್ನ ಕಡೆಯದೂ ಒಂದು ಸಮಾಚಾರವಿದೆ. ಮಠ ಮುಚ್ಚುತ್ತಾರೆ. ಛಾವಣಿ ಸೋರುತ್ತದೆ, ಕಟ್ಟಡ ದೊಡ್ಡದು, ಉಳಿದವರು ಆರೇ ಜನ. ಬಿಷಪ್ ಬಂದು ತುಂಬ ಒಳ್ಳೆಯ ಮಾತಿನಲ್ಲಿ ಹೇಳಿದರು. ಬೇಸಿಗೆಗೆ ಎಲ್ಲರೂ ಟೆಕ್ಸಾಸಿನ ದೊಡ್ಡ ಮಠಕ್ಕೆ. ಮನೆಯವರು ಇರುವವರು ಬೇಕಾದರೆ ಮೂರು ವರ್ಷ ಹೊರಗಿರಲು ಅನುಮತಿ ಕೇಳಬಹುದು, ಅದಕ್ಕೆ ಮನೆಯವರು ಇಟ್ಟುಕೊಳ್ಳುತ್ತೇವೆಂದು ಬರೆದುಕೊಡಬೇಕು. ಸಂತ ಜೋಸೆಫರ ಹಬ್ಬದೊಳಗೆ, ಅಂದರೆ ಮಾರ್ಚ್ ನಡುವಿಗೆ, ಯಾರು ಎತ್ತ ಎಂದು ಹೇಳಬೇಕಂತೆ.

ಮೂವತ್ತೊಂದು ವರ್ಷ ಒಂದೇ ಕಿಟಕಿಯಿಂದ ಜೋಳದ ಹೊಲ ನೋಡಿದ್ದೇನೆ. ಅಂದ ಹಾಗೆ, ನಮ್ಮ ಮನೆಯಲ್ಲಿ ನನ್ನದಾಗಿದ್ದ ಹಿಂದಿನ ಕೋಣೆಯಲ್ಲಿ ಬೆಳಗಿನ ಬಿಸಿಲು ಈಗಲೂ ಬೀಳುತ್ತದೆಯೇ?

ನಿನ್ನ ಅಕ್ಕ ಲುಸ್ಕಾ
(ಇಲ್ಲಿ ಎಲ್ಲರಿಗೂ ಸಿಸ್ಟರ್ ಬೆನಿಗ್ನಾ)


ಬಫಲೊ
17 ನವೆಂಬರ್ 1996

ಅಕ್ಕ,

ಟೆಕ್ಸಾಸ್! ನೀನು ಪುಣ್ಯವಂತೆ. ಅಲ್ಲಿ ಹಿಮ ಅನ್ನುವುದನ್ನು ಚಿತ್ರದಲ್ಲಿ ನೋಡುತ್ತಾರಂತೆ. ನಾನು ಬೆಳಗಿನ ಜಾವ ಎದ್ದು ಇನ್ನೊಬ್ಬರ ಬಾಗಿಲ ಹಿಮ ತಳ್ಳುವಾಗ ನೀನು ಅಲ್ಲಿ ಬಿಸಿಲಿಗೆ ಮೈಯೊಡ್ಡಿ ಜಪ ಮಾಡು. ನಮ್ಮಿಬ್ಬರಲ್ಲಿ ಒಬ್ಬರಾದರೂ ಬೆಚ್ಚಗಿರಲಿ.

ಬಾರಿನ ಸುತ್ತಿನಲ್ಲಿ ನಾನೇ ಗೆದ್ದೆ. ಎದುರಿಗಿದ್ದವರು ನಾಲ್ಕು ಜನ, ಅದರಲ್ಲಿ ಇಬ್ಬರು ಪುಗಸಟ್ಟೆ ಊಟಕ್ಕೆ ಬಂದವರು. ಹಿಲಾರಿಯಾ ಸಿಸ್ಟರಿಗೆ ಹೇಳು, ಸಾಸು ಖಾರದ ಮೆಣಸಿನದು, ಬೆಣ್ಣೆ ಕರಗಿಸಿ ಬೆರೆಸಿದ್ದು. ಜೊತೆಗೆ ನೀಲಿ ಚೀಸು. ಬೇರೆ ಯಾವುದನ್ನಾದರೂ ಅದ್ದಿ ತಿಂದರೆ ಈ ಊರಲ್ಲಿ ಹೆಣ್ಣು ಕೊಡುವುದಿಲ್ಲ. ರೆಕ್ಕೆಯಲ್ಲಿ ಎರಡು ಬಗೆ. ಸಣ್ಣ ಕಾಲಿನಂಥದ್ದು ಸುಲಭ, ಬಾಯಿಗಿಟ್ಟು ಎಳೆದರೆ ಆಯಿತು. ಚಪ್ಪಟೆಯದ್ದರಲ್ಲಿ ಎರಡು ಮೂಳೆ. ತುದಿ ಹಿಡಿದು ತಿರುಚಿ ಒಂದೊಂದೇ ಮೂಳೆ ಹೊರಗೆಳೆದುಬಿಟ್ಟರೆ ಉಳಿದದ್ದು ಬರೀ ಮಾಂಸ, ಒಂದೇ ತುತ್ತು. ವಾಂಡಾ ಕಲಿಸಿದಳು. ಪಂದ್ಯದಲ್ಲಿ ಎಣಿಸುವುದಿಲ್ಲ, ತೂಗುತ್ತಾರೆ. ಮೊದಲು ತಟ್ಟೆ, ಕೊನೆಗೆ ಮೂಳೆ. ಮೂಳೆಯ ಮೇಲೆ ಮಾಂಸ ಬಿಟ್ಟವನಿಗೆ ನಷ್ಟ.

ಹಿಂದಿನ ಕೋಣೆಯಲ್ಲಿ ಬಿಸಿಲು ಬೀಳುತ್ತದೋ ಇಲ್ಲವೋ ನೋಡಿಲ್ಲ. ನಾರ್ಬ್ ಅಲ್ಲಿ ಒಂದು ದೊಡ್ಡ ಫ್ರೀಜರ್ ಪೆಟ್ಟಿಗೆ ತಂದಿಟ್ಟಿದ್ದಾನೆ, ನನ್ನ ಅಭ್ಯಾಸಕ್ಕೆ ಬೇಕಾದ ರೆಕ್ಕೆ ತುಂಬಿಸಿ. ಕಿಟಕಿಗೆ ಅಡ್ಡ ನಿಂತಿದೆ. ನಿನ್ನ ಹಳೆಯ ಮಂಚ ನೆಲಮಾಳಿಗೆಗೆ ಹೋಯಿತು.

ಬೊಲೆಕ್


ಮಠ, ಅಯೋವಾ
28 ನವೆಂಬರ್ 1996

ಬೊಲುಶ್,

ಗೆದ್ದದ್ದಕ್ಕೆ ಇಲ್ಲಿ ಎಲ್ಲರ ಅಭಿನಂದನೆ. ಬೆಣ್ಣೆಯ ವಿಷಯ ಕೇಳಿ ಹಿಲಾರಿಯಾ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಧ್ಯಾನ ಎಂದುಕೊಂಡೆವು. ಆಮೇಲೆ, “ನೀಲಿ ಚೀಸು ಗಟ್ಟಿಯಾಗಿರತ್ತಾ, ನೀರಾಗಿರತ್ತಾ?” ಎಂದರು.

ಫ್ರೀಜರ್ ಪೆಟ್ಟಿಗೆಗೆ ಆ ಕೋಣೆ ಸರಿಯಾಯಿತು, ತಣ್ಣಗಿರುತ್ತಿತ್ತು. ಟೆಕ್ಸಾಸ್ ಬಗ್ಗೆ ನೀನು ಹೇಳಿದ್ದು ನಿಜ. ಮೂಳೆಗೆ ಬಿಸಿಲು ಒಳ್ಳೆಯದು ಎಂದು ಎಲ್ಲರೂ ಅನ್ನುತ್ತಾರೆ.

ಭಾನುವಾರದಿಂದ ಆಗಮನ ಕಾಲ, ಕ್ರಿಸ್‌ಮಸ್‌ವರೆಗೆ. ನಿನಗೆ ಗೊತ್ತೇ ಇದೆ, ಆಗಮನ ಕಾಲದಲ್ಲೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲೂ ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ಒಡೆಯುವುದಿಲ್ಲ. ಮದರ್ ಬೀರುವಿನಲ್ಲಿಟ್ಟು ಹಬ್ಬದ ದಿನ ಕೊಡುತ್ತಾರೆ. ಹಬ್ಬದ ಹೊತ್ತಿಗೆ ಬರೆ. ಹೊಟ್ಟೆ ನೋಡಿಕೋ.

ಲುಸ್ಕಾ


ಬಫಲೊ
27 ಡಿಸೆಂಬರ್ 1996

ಅಕ್ಕ,

ಹಬ್ಬ ಚೆನ್ನಾಗಾಯಿತು. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ಮನೆಯಲ್ಲೇ ಇಟ್ಟುಕೊಂಡಿದ್ದೆ. ಒಂಬತ್ತು ಜನ ಕೂತಿದ್ದರು, ನಾರ್ಬ್‌ನ ಮಾವನೂ ಬಂದಿದ್ದ. ಅಮ್ಮ ಮಾಡುತ್ತಿದ್ದ ಹಾಗೆ ಮೀನು, ಬೀಟ್‌ರೂಟ್ ಸಾರು, ಅಣಬೆ ತುಂಬಿದ ಕಡುಬು. ಕರೆಯದೆ ಬರುವ ಅತಿಥಿಗೆಂದು ಖಾಲಿ ತಟ್ಟೆಯನ್ನೂ ಮರೆಯದೆ ಇಟ್ಟೆ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಭ್ಯಾಸ ನಡೆದಿದೆ. ಹೊಟ್ಟೆ ಹಿಗ್ಗಲೆಂದು ದಿನಾ ಬೇಯಿಸಿದ ಎಲೆಕೋಸು ತಿನ್ನಿಸುತ್ತಾನೆ ನಾರ್ಬ್. ಲಾರಿಯಲ್ಲಿ ನನ್ನ ಪಕ್ಕ ಕೂರಲು ಯಾರೂ ಒಪ್ಪುತ್ತಿಲ್ಲ. ತುಟಿ ಸುಟ್ಟು ಸಿಪ್ಪೆ ಏಳುತ್ತಿದೆ, ದವಡೆ ಬೆಳಿಗ್ಗೆ ತೆರೆಯುವುದಿಲ್ಲ. ಈ ವಯಸ್ಸಿನಲ್ಲಿ ಬೇರೆಯವರು ಮೊಮ್ಮಕ್ಕಳನ್ನು ಆಡಿಸುತ್ತಾರೆ, ನಾನು ಬಾಯಿ ಆಡಿಸುತ್ತಿದ್ದೇನೆ.

ಬೊಲೆಕ್


ಮಠ, ಅಯೋವಾ
8 ಜನವರಿ 1997

ಬೊಲುಶ್,

ಒಂಬತ್ತು ಜನ ಕೂತು ಉಂಡರು ಎಂದು ಓದಿ ಸಂತೋಷವಾಯಿತು. ಇರೆನ್ ಹೋದಾಗ ಮಠ ಬಿಟ್ಟು ಬರಲು ನನಗೆ ಆಗಲಿಲ್ಲ, ನೀನು ಒಬ್ಬನೇ ಏನು ಮಾಡುತ್ತೀಯೋ ಎಂಬ ಕೊರಗು ಆ ದಿನದಿಂದ ಇತ್ತು. ಈಗ ಹಗುರವಾಯಿತು. ನೀನು ಹಾಗೆ ಜನ ಸೇರಿಸುವವನು ಎಂದು ನನಗೆ ಗೊತ್ತೇ ಇರಲಿಲ್ಲ. ಚಿಕ್ಕವನಿದ್ದಾಗ ನೆಂಟರು ಬಂದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದೆ.

ಮದರ್ ಕ್ಲೆಮೆನ್ಸ್ ಕರೆದು ಕೇಳಿದರು, “ನಿನಗೆ ತಮ್ಮ ಇದಾನಲ್ಲ, ಅವನ ಹತ್ರ ಹೋಗೋ ಮನಸ್ಸಿದ್ಯಾ?” ತಮ್ಮನ ಮನೆ ತುಂಬಿದೆ ಮದರ್, ಎಂದೆ. ಸಂತ ಜೋಸೆಫರ ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ, ಯೋಚಿಸು ಎಂದರು.

ಸಂತ ಆಡಲ್ಬರ್ಟರ ಗುಡಿಯ ಗಂಟೆ ಹಿಂದಿನ ಕೋಣೆಗೆ ಈಗಲೂ ಕೇಳಿಸುತ್ತದೆಯೇ? ಮಹಡಿಯ ಮೆಟ್ಟಿಲಿಗೆ ಅಪ್ಪ ಹಾಕಿಸಿದ್ದ ಹಿಡಿಗಂಬಿ ಇದೆಯೇ? ಮೊಣಕಾಲು ನೋವಿರುವವರು ಹತ್ತುವ ಹಾಗಿವೆಯೇ ಮೆಟ್ಟಿಲು? ಸುಮ್ಮನೆ ಕೇಳಿದೆ. ವಯಸ್ಸಾದ ಮೇಲೆ ಇಂಥವೆಲ್ಲ ತಲೆಗೆ ಬರುತ್ತವೆ.

ಲುಸ್ಕಾ


ಬಫಲೊ
19 ಜನವರಿ 1997

ಅಕ್ಕ,

ವಲಯದ ಸುತ್ತು ಗೆದ್ದೆ! ಕೊನೆಯ ಹನ್ನೆರಡು ಜನರಲ್ಲಿ ನಾನೂ ಒಬ್ಬ. ಬೌಲಿಂಗ್ ಆಡುವ ಹಾಲಿನಲ್ಲಿ ನಡೆಯಿತು, ಒಂದು ಕಡೆ ಚೆಂಡು ಉರುಳುವ ಸದ್ದು, ಇನ್ನೊಂದು ಕಡೆ ನಾವು ಇಪ್ಪತ್ತು ಜನ ತಲೆ ತಗ್ಗಿಸಿ ತಿನ್ನುವುದು. ತಿಂದದ್ದು ವಾಪಸ್ಸು ಬಂದರೆ ಆಟದಿಂದ ಹೊರಗೆ. ನನ್ನ ಪಕ್ಕದವನಿಗೆ ಹಾಗಾಯಿತು, ಅವನ ಹೆಂಡತಿ ಅಲ್ಲೇ ಬೈದಳು, “ಮನೇಲಿ ನಾನ್ ಮಾಡಿದ್ ಅಡ್ಗೇಗೂ ಹಿಂಗೇ ಮಾಡ್ತೀಯಲ್ಲೋ!” ಕೊನೆಯ ಪಂದ್ಯಕ್ಕೆ ಎಲ್ಲರಿಗೂ ಒಂದೊಂದು ಬಿರುದು ಬೇಕಂತೆ. ನಾರ್ಬ್ ನನಗೆ ‘ಹಿಮಗುದ್ದಲಿ’ ಎಂದು ಇಟ್ಟಿದ್ದಾನೆ. ಮುಂದೆ ಬಂದದ್ದನ್ನೆಲ್ಲ ತಳ್ಳಿಕೊಂಡು ಹೋಗುತ್ತೇನಲ್ಲ.

ಗಂಟೆ ಕೇಳಿಸುತ್ತದೆ, ಸ್ವಲ್ಪ ಒಡಕು ದನಿ. ಹಿಡಿಗಂಬಿ ಅಲ್ಲಾಡುತ್ತದೆ. ಮೆಟ್ಟಿಲು ಕಡಿದಾಗಿವೆ, ಮೊಣಕಾಲು ನೋವಿರುವವರಿಗೆ ಅಲ್ಲ. ಟೆಕ್ಸಾಸಿನ ಮಠದಲ್ಲಿ ಎಲ್ಲ ನೆಲದ ಮಟ್ಟಕ್ಕೇ ಇರುತ್ತದೆ ನೋಡು, ಅಲ್ಲಿ ನಿನಗೆ ಹಾಯಾಗಿರುತ್ತದೆ.

ಬೊಲೆಕ್


ಮಠ, ಅಯೋವಾ
31 ಜನವರಿ 1997

ಬೊಲೆಕ್,

ನೀನು ಕೊನೆಯ ಹನ್ನೆರಡಕ್ಕೆ ಬಂದೆ ಎಂದು ಹಿಲಾರಿಯಾಗೆ ಹೇಳುವಷ್ಟರಲ್ಲಿ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಂಗಳವಾರ ಹೋದರು. ಈಗ ನಾವು ಐದು ಜನ. ಹಾಡುವಾಗ ಎರಡು ಸಾಲು ಮಾಡಿಕೊಂಡು ನಿಲ್ಲಬೇಕು ನಾವು, ಒಂದು ಸಾಲು ಹಾಡಿದ್ದಕ್ಕೆ ಇನ್ನೊಂದು ಸಾಲು ಉತ್ತರ. ಈ ಕಡೆ ಮೂವರು, ಆ ಕಡೆ ನಾನು ಮತ್ತು ಮದರ್. ಮದರ್‌ಗೆ ಕೆಮ್ಮು.

ಟೆಕ್ಸಾಸಿಗೆ ತೆಳು ಬಟ್ಟೆ ಹೊಲಿಯುತ್ತಿದ್ದೇನೆ. ಫೆಬ್ರವರಿ ಹನ್ನೆರಡಕ್ಕೆ ವಿಭೂತಿ ಬುಧವಾರ, ಅಲ್ಲಿಂದ ಮಾರ್ಚ್ ಕೊನೆಯ ಪಾಸ್ಖದವರೆಗೆ, ಅಂದರೆ ಈಸ್ಟರ್‌ವರೆಗೆ, ಕಾಗದವಿಲ್ಲ. ಪಂದ್ಯ ಅದಕ್ಕೆ ಮೊದಲೇ ಅಲ್ಲವೇ, ಬೇಗ ಬರೆದರೆ ಫಲಿತಾಂಶ ತಿಳಿದೀತು. ನನಗೆ ಬಹಳ ದಣಿವಾಗಿದೆ. ಇಷ್ಟು ಸಾಕು.

ಲುಸ್ಕಾ


ಬಫಲೊ
10 ಫೆಬ್ರವರಿ 1997, ಸೋಮವಾರ

ಅಕ್ಕ,

ಮೊದಲು ಮುಖ್ಯ ಮಾತು. ಮನೆಗೆ ಬಾ.

ಈಗ ಹೇಗಾಯಿತು ಹೇಳುತ್ತೇನೆ. ಶನಿವಾರ ಪಂದ್ಯ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಸರೋವರದ ಕಡೆಯಿಂದ ಹಿಮಗಾಳಿ ಎದ್ದಿತು, ಸಂಜೆಗೆ ಕಾರುಗಳೆಲ್ಲ ಗುಡ್ಡೆಯಾದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾರ್ಬ್ ಅಳುವುದೊಂದು ಬಾಕಿ. ನಾನು ಎರಡು ದಿನ ಲಾರಿಯಿಂದ ಇಳಿಯಲಿಲ್ಲ. ನಿನ್ನೆ ಸಂಜೆ ಬಾರಿಗೆ ಹೋಗಿ ಕೂತು, ಕಿಸೆಯಲ್ಲಿದ್ದ ನಿನ್ನ ಕಾಗದಗಳನ್ನೆಲ್ಲ ವಾಂಡಾಳಿಗೆ ಓದಿ, ನಾನು ಬರೆದ ಉತ್ತರವನ್ನೂ ಹೇಳಿದೆ. ಹಿಲಾರಿಯಾ ಸಿಸ್ಟರ್ ಹೋದದ್ದು ಹೇಳಬೇಕಿತ್ತು, ಅವಳಿಗೆ ಸಾಸಿನ ವಿಷಯ ಗೊತ್ತಿತ್ತಲ್ಲ.

ವಾಂಡಾ ಕೈಯಲ್ಲಿದ್ದ ರೆಕ್ಕೆಯ ಬಾಣಲೆ ಹಾಗೇ ಕೆಳಗಿಟ್ಟಳು. “ಲೇ ಮಂಕೆ, ಮೊಣಕಾಲು ನೋವಿರೋರು ಯಾರೋ? ನಿಂದಾ?”

“ನಂಗೆಲ್ಲಿ ಮೊಣಕಾಲು ನೋವು?”

“ಮತ್ತೆ? ಗಂಟೆ ಕೇಳತ್ತಾ, ಮೆಟ್ಲು ಹತ್ಬೋದಾ, ಬಿಸ್ಲು ಬರತ್ತಾ. ಇದು ಮನೆ ಬಾಡಿಗೆಗೆ ನೋಡೋರು ಕೇಳೋದು ಕಣೋ! ಅವ್ಳು ಕೋಣೆ ಕೇಳ್ತಿದಾಳೆ, ನೀನು ಕೋಳಿ ತುಂಬ್ಸಿದೀನಿ ಅಂತ ಬರ್ದಿದೀಯ.”

ನಾರ್ಬ್ ಕೂಡ ತಲೆ ತಗ್ಗಿಸಿದ. “ಫ್ರೀಜರ್ ನಾಳೇನೇ ತೆಗೀತೀನಿ” ಎಂದ. ಇವತ್ತು ಬೆಳಿಗ್ಗೆ ತೆಗೆದಿದ್ದಾನೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನಮ್ಮ ಮನೆತನದ ರೋಗ ಅಕ್ಕ. ಬೇಕು ಎಂದು ಅಮ್ಮನೂ ಎಂದೂ ಹೇಳಲಿಲ್ಲ. ನೀನು ಕೇಳಲಿಲ್ಲ, ನಾನು ಕರೆಯಲಿಲ್ಲ. ಇದೇ ಮನೆಯವರ ಕಾಗದ ಅಂತ ಮದರ್‌ಗೆ ಕೊಡು. ಮೆಟ್ಟಿಲಿಗೆ ಹೊಸ ಹಿಡಿಗಂಬಿ ನಾನೇ ಹಾಕುತ್ತೇನೆ.

ಇನ್ನೊಂದು ವಿಷಯ. ಪಂದ್ಯವನ್ನು ಈ ಶುಕ್ರವಾರಕ್ಕೆ ಮುಂದೂಡಿದ್ದಾರೆ. ಹೌದು, ನಾವು ಮಾಂಸ ಮುಟ್ಟಬಾರದ ತಪಸ್ಸು ಕಾಲದ ಮೊದಲನೇ ಶುಕ್ರವಾರ, ಬಫಲೊದಲ್ಲಿ ಕೋಳಿ! ರೇಡಿಯೋ ಕಂಪನಿಯನ್ನು ಹೋದ ವರ್ಷ ಹೊರಗಿನವರು ಕೊಂಡರು, ಅವರಿಗೆ ಶುಕ್ರವಾರ ಅಂದರೆ ಶನಿವಾರದ ಹಿಂದಿನ ದಿನ, ಅಷ್ಟೇ. ನಮ್ಮ ಗುಡಿಯ ಫಾದರ್ ಸ್ಟಾನ್ ಆ ಒಂದು ದಿನ ಮಾಂಸ ತಿನ್ನಲು ಬಿಷಪ್ಪರ ಅಪ್ಪಣೆ ಕೇಳಿದರು, ಸಿಗಲಿಲ್ಲ. ನಾರ್ಬ್ ಕಿಡಿಕಿಡಿಯಾಗಿದ್ದಾನೆ. “ಐರಿಶ್ನೋರ ಸಂತನ ಹಬ್ಬ ಶುಕ್ರವಾರ ಬಿದ್ರೆ ಮಾಂಸ ತಿನ್ರಪ್ಪಾ ಅಂತ ಅಪ್ಪಣೆ ಕೊಡ್ತಾರೆ! ನಮ್ ಪೋಲಿಶ್ನೋರ್ ಕರ್ಮಕ್ಕೆ ಮಾತ್ರ ಮೀನು!” ಬಾರಿನವರೆಲ್ಲ ನಾನು ತಿಂದೇ ತಿನ್ನುತ್ತೇನೆ ಎಂದು ನಂಬಿದ್ದಾರೆ. ನನಗೆ ಇದು ನುಂಗಲಾರದ ತುತ್ತಾಗಿದೆ. ತಿನ್ನಲೋ ಬೇಡವೋ? ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಮಠದ ಫೋನು ಸಾವಿನ ಸುದ್ದಿಗೆ ಮಾತ್ರ, ಯಾರೂ ಸತ್ತಿಲ್ಲ. ಅದಕ್ಕೇ ಇವತ್ತು ನನ್ನ ಪಾಲಿನ ಬೀದಿಗಳನ್ನೆಲ್ಲ ಬಿಟ್ಟು ಮೊದಲು ಅಂಚೆ ಕಚೇರಿಯ ಅಂಗಳದ ಹಿಮ ತಳ್ಳಿದೆ. ಮೇಸ್ತ್ರಿ ಲಾರಿಯ ರೇಡಿಯೋದಲ್ಲಿ ಬೈದ. ಬೈಯಲಿ. ಬುಧವಾರದೊಳಗೆ ಇದು ನಿನಗೆ ತಲುಪಬೇಕು.

ಬೊಲೆಕ್


ಬಫಲೊ
15 ಫೆಬ್ರವರಿ 1997, ಶನಿವಾರ

ಅಕ್ಕ,

ನಿನ್ನ ಉತ್ತರ ಬರಲಿಲ್ಲ. ಚಿಕಾಗೋ ದಾರಿ ನಿನ್ನೆಯವರೆಗೆ ಮುಚ್ಚಿತ್ತು ಎಂದು ಅಂಚೆ ಕಚೇರಿಯ ಹೆಂಗಸು ಹೇಳಿದಳು. ಹಾಗಾದರೆ ನನ್ನ ಕಾಗದ ವಿಭೂತಿ ಬುಧವಾರ ಕಳೆದ ಮೇಲೆ ಬಂದು ಮದರ್ ಬೀರುವಿನಲ್ಲಿ ಕೂತಿರುತ್ತದೆ. ನೀನು ಅದನ್ನು ಪಾಸ್ಖದ ದಿನ ಓದುತ್ತೀಯ. ಸಂತ ಜೋಸೆಫರ ಹಬ್ಬ ಅದಕ್ಕೆ ಹನ್ನೊಂದು ದಿನ ಮುಂಚೆ. ಟೆಕ್ಸಾಸಿಗೆ ಹೆಸರು ಬರೆಸಿ ಆದ ಮೇಲೆ ನನ್ನ ‘ಬಾ’ ಸಿಗುತ್ತದೆ ನಿನಗೆ.

ಇದನ್ನೂ ನೀನು ಈಗ ಓದುವುದಿಲ್ಲ. ಅದಕ್ಕೇ ನಿಜ ಬರೆಯಲು ಧೈರ್ಯ ಬಂದಿದೆ.

ಮನೆಗೆ ಯಾರೂ ಬರುವುದಿಲ್ಲ ಅಕ್ಕ. ಇರೆನ್ ಹೋದ ಮೇಲೆ ಆ ಅಡುಗೆಮನೆಯಲ್ಲಿ ನಾನು ಒಂದು ದಿನವೂ ಒಲೆ ಹಚ್ಚಿಲ್ಲ. ದಿನಾ ಬಾರು. ಕ್ರಿಸ್‌ಮಸ್ ಹಿಂದಿನ ಸಂಜೆ ನಾರ್ಬ್ ಕರೆದ, ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ; ವಾಂಡಾಳಿಗೆ ನಿನ್ನ ಕಾಗದ ಓದುವಾಗ ಆ ಒಂಬತ್ತು ಜನರ ಸಾಲನ್ನು ಹಾರಿಸಿದ್ದೆ. ಎರಡು ತಟ್ಟೆ ಇಟ್ಟೆ. ಒಂದು ನನಗೆ, ಒಂದು ಕರೆಯದೆ ಬರುವ ಅತಿಥಿಗೆ. ಬಹಳ ಹೊತ್ತು ಕೂತೆ. ಎರಡೂ ಖಾಲಿ. ಅತಿಥಿಯ ತಟ್ಟೆ ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ತೊಂಬತ್ತನಾಲ್ಕು ರೆಕ್ಕೆ ತಿಂದೆನಲ್ಲ, ಅದು ಹೊಟ್ಟೆಬಾಕತನವಲ್ಲ. ಹಸಿವೇ ಇಲ್ಲದವನಿಗೆ ಸಾಕು ಎನ್ನುವುದೂ ಇರುವುದಿಲ್ಲ. ಎದ್ದರೆ ಮನೆಗೆ ಹೋಗಬೇಕು, ಅದಕ್ಕೆ ತಿನ್ನುತ್ತಾ ಕೂತೆ.

ಈಗ ನಿನ್ನೆಯದು. ಊರ ದೊಡ್ಡ ಸಭಾಂಗಣ ತುಂಬಿತ್ತು. ಹೊರಗೆ ಬಾಗಿಲಲ್ಲಿ ನಮ್ಮ ಗುಡಿಯ ಹೆಂಗಸರು ಕರಿದ ಮೀನು ಮಾರುತ್ತಿದ್ದರು, ಒಳಗೆ ಜನ ಮೀನು ತಿನ್ನುತ್ತಾ ನಾವು ಕೋಳಿ ತಿನ್ನುವುದನ್ನು ನೋಡಲು ಕೂತಿದ್ದರು. ಹಿಮಗುದ್ದಲಿ ಎಂದು ಕೂಗಿ ನನ್ನನ್ನು ವೇದಿಕೆಗೆ ಕರೆದರು. ಪಕ್ಕದಲ್ಲಿ ಈ ಶುಕ್ರವಾರದ ನಿಯಮವಿಲ್ಲದ ಬ್ಯಾಪ್ಟಿಸ್ಟ್ ಪಂಥದ ಒಬ್ಬ ಲಾರಿ ಡ್ರೈವರ್. ಒಳ್ಳೆಯವನು. “ನಿಮ್ಮೋರು ಇವತ್ ಕೋಳಿ ತಿಂದ್ರೆ ಸೀದಾ ನರಕಾನಾ?” ಎಂದು ಪಿಸುಗುಟ್ಟಿದ.

“ಗೊತ್ತಿಲ್ಲಪ್ಪ. ಅಕ್ಕನ್ನ ಕೇಳಿದೀನಿ. ಉತ್ತರ ಬಂದಿಲ್ಲ” ಎಂದೆ.

ಗಂಟೆ ಹೊಡೆಯಿತು. ಕೈ ತನ್ನ ಪಾಡಿಗೆ ಮೊದಲನೇ ರೆಕ್ಕೆ ಎತ್ತಿತು, ತಿರುಚಿತು, ಮೂಳೆ ಎರಡೂ ಹೊರಗೆಳೆಯಿತು. ಬಾಯಿಯ ಹತ್ತಿರ ತಂದೆ. ವಾಪಸ್ಸು ತಟ್ಟೆಯಲ್ಲಿಟ್ಟೆ. ಆಮೇಲೆ ಕೈ ಒರೆಸಿಕೊಂಡು ಸುಮ್ಮನೆ ಕೂತೆ. ಹನ್ನೆರಡು ನಿಮಿಷ, ಅಷ್ಟು ಜನರ ಎದುರಿಗೆ, ತುಂಬಿದ ತಟ್ಟೆಯ ಮುಂದೆ. “ತಿನ್ನೋ! ತಿನ್ನೋ ಗುರ್ಸ್ಕಿ!” ಎಂದು ನಾರ್ಬ್ ಕೂಗಿದ. ಆಮೇಲೆ ಬೈದ. ಕೊನೆಗೆ ನನ್ನ ತಟ್ಟೆಯನ್ನೂ ತೂಗಿದರು. ಎಷ್ಟಿತ್ತೋ ಅಷ್ಟೇ. ಮೂಳೆ ತೆಗೆದಿಟ್ಟದ್ದಕ್ಕೆ ಅಂಕವಿಲ್ಲವಂತೆ. ಸೊನ್ನೆ ಎಂದು ಮೈಕಿನಲ್ಲಿ ಹೇಳಿದರು. ಗೆದ್ದವಳು ಒಬ್ಬಳು ಕಡ್ಡಿಯಂಥ ಶಾಲೆ ಟೀಚರು.

ಇದು ಭಕ್ತಿಯಲ್ಲ, ನೀನು ಹಾಗೆ ತಿಳಿಯಬಾರದು. ನೀನು ಬಂದರೆ ಮೊದಲು ಕೇಳುವುದು ಇದನ್ನೇ, ಶುಕ್ರವಾರ ಏನು ಮಾಡಿದೆ ಎಂದು. ನಿನ್ನ ಹತ್ತಿರ ಮುಚ್ಚಿಡುವುದು ಇಷ್ಟೊಂದು ಸೇರಿಕೊಂಡಿದೆ, ಇನ್ನೊಂದು ಬೇಡ ಅನ್ನಿಸಿತು. ಸಾಕಾಗಿದೆ.

ನಾರ್ಬ್ ಮಾತು ಬಿಟ್ಟಿದ್ದಾನೆ. ವಾಂಡಾ ಮೀನಿನ ಪೊಟ್ಟಣ ಕೈಗಿಟ್ಟು, “ಅದೆಷ್ಟ್ ಹೊತ್ತೋ ಅಂತ ಕೂತಿದ್ಯಲ್ಲೋ, ನಂಗೇ ಕಾಲು ನೋವು ಬಂತು” ಎಂದಳು.

ಬರೆಯುತ್ತಾ ಒಂದು ಯೋಚನೆ ಬಂದಿದೆ. ನಿಮ್ಮ ನಿಯಮ ಲಕೋಟೆ ಒಡೆಯಬಾರದು ಅನ್ನುತ್ತದೆ. ಆದರೆ ಯಾರಿಗೆ ಬಂದದ್ದೆಂದು ತಿಳಿಯಲು ಮದರ್ ಅದರ ಹೊರಮೈ ನೋಡಲೇಬೇಕಲ್ಲ. ಇದನ್ನು ಅಂಟಿಸಿದ ಮೇಲೆ, ನಿನ್ನ ವಿಳಾಸದ ಕೆಳಗೆ ದೊಡ್ಡದಾಗಿ ಬರೆಯುತ್ತೇನೆ: ‘ಹಿಂದಿನ ಕೋಣೆ ಖಾಲಿ ಮಾಡಿದ್ದೇನೆ. ಅಕ್ಕನನ್ನು ನಾನು ಇಟ್ಟುಕೊಳ್ಳುತ್ತೇನೆ. ಬೊಲೆಕ್ ಗುರ್ಸ್ಕಿ, ತಮ್ಮ.’

ನೋಡುತ್ತಾರೋ ಇಲ್ಲವೋ. ನೋಡಿದರೂ ನಿನಗೆ ಹೇಳುತ್ತಾರೋ ಇಲ್ಲವೋ.

ಬೊಲೆಕ್


ಬಫಲೊ
3 ಮಾರ್ಚ್ 1997

ಅಕ್ಕ,

ಇದನ್ನು ಪಾಸ್ಖದ ದಿನ ಓದು, ಅವಸರವಿಲ್ಲ.

ಶನಿವಾರ ಅಯೋವಾದ ಅಂಚೆ ಮುದ್ರೆ ಹೊತ್ತ ನಿಮ್ಮ ಮಠದ ಲಕೋಟೆ ಬಂತು. ತಪಸ್ಸು ಕಾಲದಲ್ಲಿ ಅಲ್ಲಿಂದ ಎಂದೂ ಏನೂ ಬಂದದ್ದಿಲ್ಲ, ಫೋನಿನಲ್ಲಿ ನಾನು ಸಿಗದ್ದಕ್ಕೆ ಬರೆದು ಕಳಿಸಿದ ಸಾವಿನ ಸುದ್ದಿ ಎಂದುಕೊಂಡೆ. ಒಬ್ಬನೇ ಒಡೆಯಲಾರದೆ ಬಾರಿಗೆ ತೆಗೆದುಕೊಂಡು ಹೋದೆ. ಒಡೆದರೆ ಒಳಗೆ ಏನೂ ಇಲ್ಲ. ಬೆರಳು ಹಾಕಿ ನೋಡಿದೆ, ತಲೆಕೆಳಗೆ ಮಾಡಿ ಜಾಡಿಸಿದೆ. ಎರಡು ವಾರದಿಂದ ಮಾತು ಬಿಟ್ಟಿದ್ದ ನಾರ್ಬ್ ಕೂಡ ಬಗ್ಗಿ ಮೇಜಿನ ಕೆಳಗೆ ಹುಡುಕಿದ. “ಪೋಸ್ಟ್ನೋರು ಕದ್ದಿದಾರೆ ಕಣೋ” ಎಂದ.

ವಾಂಡಾ ಕೈ ಒರೆಸಿಕೊಂಡು ಬಂದು ಲಕೋಟೆ ಕಿತ್ತುಕೊಂಡಳು. “ಒಳಗಡೆ ಏನ್ ಹುಡುಕ್ತೀರೋ ಗೂಬೆಗಳಾ. ಹೊರಗಡೆ ಓದಿ.”

‘ಇವರಿಗೆ’ ಎನ್ನುವಲ್ಲಿ ನನ್ನ ಹೆಸರು, ನನ್ನ ವಿಳಾಸ. ಅಕ್ಷರ ನಿನ್ನದಲ್ಲ, ವಯಸ್ಸಾದವರ ನಡುಗುವ ಕೈ. ಮದರ್ ಅವರದೇ ಇರಬೇಕು. ‘ಇವರಿಂದ’ ಎನ್ನುವಲ್ಲಿ ಮಾತ್ರ ನಿನ್ನ ಅಕ್ಷರ.

ಲುಸ್ಕಾ ಗುರ್ಸ್ಕಿ, 88 ವಾರ್ಸಾ ಬೀದಿ, ಬಫಲೊ.

ನಾನು ಅದನ್ನು ಗಟ್ಟಿಯಾಗಿ ಓದಿದೆ. “ಇದು ನಿನ್ ಮನೆ ವಿಳಾಸ ಅಲ್ವೇನೋ?” ಎಂದ ನಾರ್ಬ್. ಹೌದು, ನಮ್ಮ ಮನೆಯದು, ಎಂದೆ. ಆಮೇಲೆ ಬಾರಿನ ನಡುವೆ ಕೂತು ಅತ್ತುಬಿಟ್ಟೆ ಅಕ್ಕ, ಇರೆನ್ ಹೋದಾಗಲೂ ಹಾಗೆ ಅತ್ತಿರಲಿಲ್ಲ. ವಾಂಡಾ ರೆಕ್ಕೆಯ ತಟ್ಟೆ ತಂದು ಮುಂದಿಟ್ಟಳು. ಬೇಡ ಎಂದು ಎದ್ದು ಮನೆಗೆ ಬಂದೆ.

ಇವತ್ತು ಬೆಳಿಗ್ಗೆ ಏಳುವಾಗ ಹೊಟ್ಟೆ ಹಸಿದಿತ್ತು. ಒಲೆ ಹಚ್ಚಿ ಎರಡು ಮೊಟ್ಟೆ ಬೇಯಿಸಿಕೊಂಡು, ಅಡುಗೆಮನೆಯಲ್ಲೇ ಕೂತು ತಿಂದೆ.

ಬೊಲೆಕ್